ಪರದೆಯ ಕೈಗುಣ

ಹಾರುವ ವಿಮಾನದೊಳಗೆ ಯಾರೂ ಕೂರದ ಕಾಲ ಬಂದು ಏಳು ವರ್ಷವಾಗಿತ್ತು. ರಕ್ತ, ಲಸಿಕೆ, ಹಾವು ಕಚ್ಚಿದ್ದಕ್ಕೆ ಮದ್ದು, ಇಂಥವನ್ನು ಹೊತ್ತುಕೊಂಡು ತಾಲ್ಲೂಕು ಆಸ್ಪತ್ರೆಗಳಿಗೆ ಓಡಾಡುತ್ತಿದ್ದ ಸಣ್ಣ ವಿಮಾನಗಳನ್ನು ಊರೂರಲ್ಲಿ ಮನೆಯೊಳಗೆ ಕುರ್ಚಿ ಹಾಕಿ ಕೂತವರೇ ಓಡಿಸುತ್ತಿದ್ದರು. ಜನ ಅವರಿಗೆ ಕುರ್ಚಿ ಪೈಲಟ್ ಎಂದು ಹೆಸರಿಟ್ಟಿದ್ದರು. ಈ ಕೆಲಸಕ್ಕೆ ಡಿಗ್ರಿ ಬೇಡ, ಮಾರ್ಕ್ಸ್ ಕಾರ್ಡ್ ಬೇಡ, ಯಾರ ಶಿಫಾರಸೂ ಬೇಡ. ಕಂಪ್ಯೂಟರಿನ ವಿಮಾನದಾಟದಲ್ಲಿ ಸಾವಿರ ಗಂಟೆ ಹಾರಿರಬೇಕು, ಮನೆಯಲ್ಲಿ ಒಳ್ಳೆಯ ಮಾನಿಟರ್ ಇರಬೇಕು, ಪರೀಕ್ಷೆಯ ಹಾರಾಟದಲ್ಲಿ ಪಾಸಾಗಬೇಕು. ಅಷ್ಟೆ.

ಓಂಕಾರ ಹಾರಿದ್ದು ಸಾವಿರದ ಆರುನೂರು ಗಂಟೆ. ಅದೂ ಗೆರೆ ಬಿದ್ದ ಹಳೇ ಮಾನಿಟರಿನಲ್ಲಿ. ಹೊಸದನ್ನು ಆರಿಸಿಕೊಳ್ಳಲೆಂದು ಒಂದು ಶನಿವಾರ ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗೆ ಬಂದ. ಜೊತೆಗೆ ಚಿಕ್ಕಣ್ಣ ಮಾವ.

ಚಿಕ್ಕಣ್ಣ ಓಂಕಾರನ ತಾಯಿಯ ಅಣ್ಣ. ಗಂಡ ಸತ್ತ ತಂಗಿಯನ್ನೂ ಅವಳ ಮಗುವನ್ನೂ ತಂದು ತನ್ನ ಮನೆಯಲ್ಲೇ ಇರಿಸಿಕೊಂಡವನು. ತುಮಕೂರು–ಪಾವಗಡ ರೂಟಿನಲ್ಲಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದರೂ ಅವನ ಚಕ್ರಕ್ಕೆ ಒಂದು ಕೋಳಿಯೂ ಸಿಕ್ಕಿರಲಿಲ್ಲ. ಡ್ರೈವರಿಲ್ಲದ ಬಸ್ಸು ಬಂದ ವರ್ಷ, ರಿಟೈರಾಗಲು ಇನ್ನೂ ಮೂರು ವರ್ಷವಿರುವಾಗಲೇ, ಹಾರ ಹಾಕಿ, ಫೋಟೋ ಹಿಡಿದು, ಮನೆಗೆ ಕಳಿಸಿದರು. ಆ ಹಾರವನ್ನು ಓಂಕಾರ ಮೋರಿಗೆ ಎಸೆದಿದ್ದ. ಮಾವ ಮಾತ್ರ ಏನೂ ಅಂದಿರಲಿಲ್ಲ. ಊಟಕ್ಕೆ ಕೂತಾಗ ಅವನ ಎಡಗೈ ತಟ್ಟೆಯ ಪಕ್ಕದಲ್ಲಿ ಸುಮ್ಮನೆ ಬಸ್ಸಿನ ಗೇರ್ ಹುಡುಕುತ್ತಿತ್ತು.

ಅಂಗಡಿಯ ಹುಡುಗಿ ತೇಜಸ್ವಿನಿ ಮೂರು ಬಗೆ ತೋರಿಸಿದಳು. ಮೊದಲನೆಯದು ಮೂರು ಪರದೆ ಪಕ್ಕಪಕ್ಕ ಜೋಡಿಸಿದ್ದು.

"ಇದೇನ್ಲಾ, ಮಧ್ಯೆ ಕಂಬಿ. ಜೈಲಿಂದ ಆಕಾಶ ನೋಡ್ದಂಗೈತೆ," ಅಂದ ಮಾವ.

ಎರಡನೆಯದು ಅಗಲವಾದ ಚಪ್ಪಟೆ ಪರದೆ. ಮೂರನೆಯದು ಬಾಗಿದ್ದು. ಅದರ ಮುಂದೆ ಕೂತದ್ದೇ ಮಾವನ ಮುಖ ಅರಳಿತು. "ಹಳೇ ಬಸ್ಸಿನ ಮುಂದ್ಲು ಗ್ಲಾಸ್ ಇದ್ದಂಗೇ ಐತೆ! ಕನ್ನಡಿ ಎಲ್ಲಮ್ಮಾ? ಹಿಂದ್ಲಿಂದ ಬರೋನು ಕಾಣೋದು ಬೇಡ್ವಾ?"

ತೇಜಸ್ವಿನಿ ನಕ್ಕಳು. "ಹಿಂದಿನದು ಕಾಣಲ್ಲ ಅಂಕಲ್. ಇದು ಮುಂದಿನದನ್ನ ತೋರ್ಸುತ್ತೆ." ಅವಳು ವಿವರಿಸಿದಳು. ವಿಮಾನ ಕಂಡ ಚಿತ್ರ ಉಪಗ್ರಹಕ್ಕೆ ಹೋಗಿ ಮನೆಗೆ ಬರುವಷ್ಟರಲ್ಲಿ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಕಳೆದಿರುತ್ತದೆ. ಚಪ್ಪಟೆ ಪರದೆ ತೋರಿಸುವುದು ಆ ಹಳೇ ಚಿತ್ರವನ್ನೇ. ಬಾಗಿದ್ದು ಹಾಗಲ್ಲ. ಗಾಳಿ ಹೇಗಿದೆ, ವಿಮಾನದ ವೇಗವೆಷ್ಟು, ಕೂತವನ ಕಣ್ಣು ಎತ್ತ ಹೊರಳಿದೆ, ಕೈ ಈಗ ಏನು ಮಾಡಲಿದೆ, ಇಷ್ಟನ್ನೂ ಲೆಕ್ಕ ಹಾಕಿ, ವಿಮಾನ ಈ ಕ್ಷಣ ಎಲ್ಲಿರಬೇಕೋ ಅಲ್ಲಿಂದ ಕಾಣುವ ಚಿತ್ರವನ್ನು ತಾನೇ ಬರೆದು ತೋರಿಸುತ್ತದೆ.

"ಅಂದ್ರೆ ಸುಳ್ಳು."

"ಸುಳ್ಳಲ್ಲ ಅಂಕಲ್, ಅಂದಾಜು."

"ಹಂಗಾದ್ರೆ ಸರಿ. ನಾನೂ ಅಂದಾಜಲ್ಲೇ ಕಣಮ್ಮ ಓಡ್ಸಿದ್ದು. ತಿರುವಿನ ಆಚೆ ಏನೈತೆ ಅಂತ ಯಾರಿಗ್ ಕಾಣ್ತದೆ?" ಮಾವ ಓಂಕಾರನತ್ತ ತಿರುಗಿದ. "ಇದೇ ತಗಳ್ಲಾ."

ಓಂಕಾರನಿಗೂ ಅದರ ಮೇಲೇ ಕಣ್ಣು. ಪೆಟ್ಟಿಗೆ ಕಟ್ಟುವಾಗ ತೇಜಸ್ವಿನಿ ಒಂದು ಸಣ್ಣ ಪುಸ್ತಕ ಚಾಚಿದಳು. "ಆನ್ ಮಾಡೋಕ್ ಮುಂಚೆ ನಾಲ್ಕನೇ ಪುಟ ಓದ್ಕೊಳ್ಳಿ, ಅದು ಮುಖ್ಯ. ಇಂಗ್ಲಿಷಲ್ಲಿದೆ. ಬೇಕಾದ್ರೆ ನಾನೇ ಹೇಳ್ಬಿಡ್ತೀನಿ."

ಓಂಕಾರನ ಕಿವಿ ಬಿಸಿಯಾದವು. "ಓದಕ್ಕೆ ಬತ್ತೈತೆ ನಂಗೆ," ಎಂದು ಪುಸ್ತಕ ಕಿತ್ತುಕೊಂಡ.

ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಇಡೀ ತರಗತಿಗೆ ಬಾರದ ಲೆಕ್ಕವೊಂದನ್ನು ಅವನೊಬ್ಬನೇ ಬಿಡಿಸಿದ್ದ. ಗಣಿತದ ಮೇಷ್ಟ್ರು ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದು, "ಯಾರ ಕೈಯೋ ಇದು? ನಿಂದಂತೂ ಅಲ್ಲ," ಅಂದಿದ್ದರು. ಹುಡುಗರು ನಕ್ಕರು. ಓಂಕಾರ ಹಾಳೆಯನ್ನು ಹರಿದು ಮೇಷ್ಟ್ರ ಮೇಜಿನ ಮೇಲೆ ಹಾಕಿ ಹೊರಗೆ ಬಂದವನು ಮತ್ತೆ ಆ ಗೇಟು ದಾಟಲಿಲ್ಲ. ಆ ನಗು ಒಂಬತ್ತು ವರ್ಷವಾದರೂ ಅವನ ಕಿವಿಯಿಂದ ಇಳಿದಿರಲಿಲ್ಲ.

ಮನೆಯಲ್ಲಿ ತಾಯಿ ಸಾಕಮ್ಮ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದಳು. "ಮೊದ್ಲು ಅಣ್ಣನ ಕೈಲಿ ಮುಟ್ಸು."

ಅದು ಆ ಬೀದಿಯ ಪದ್ಧತಿ. ಯಾರ ಮನೆಗೆ ಹೊಸ ಸ್ಕೂಟರ್ ಬರಲಿ, ಗೂಡ್ಸ್ ಆಟೋ ಬರಲಿ, ಮೊದಲ ಸುತ್ತು ಚಿಕ್ಕಣ್ಣನದೇ. ಅವನ ಕೈಗುಣ ಅಂಥದ್ದು ಎಂದು ಎಲ್ಲರಿಗೂ ನಂಬಿಕೆ. ಅವನು ಓಡಿಸಿಕೊಟ್ಟ ಗಾಡಿ ಯಾರನ್ನೂ ಗುದ್ದುವುದಿಲ್ಲ, ಎಲ್ಲೂ ಕೈಕೊಡುವುದಿಲ್ಲ.

ಸಾಕಮ್ಮ ನಿಂಬೆಹಣ್ಣು ತಂದಿದ್ದನ್ನು ನೋಡಿ ಓಂಕಾರ ರೇಗಿದ. "ಅಮ್ಮಾ, ಇದಕ್ಕೇನ್ ಚಕ್ರ ಐತಾ?"

"ಚಕ್ರ ಇಲ್ದಿದ್ರೆ ಏನಾತು? ಓಡ್ಸೋ ಸಾಮಾನು ತಾನೆ?" ಅವಳು ಮಾನಿಟರಿನ ಕಾಲಿನ ಎರಡು ಬದಿಗೆ ಎರಡು ಹಣ್ಣಿಟ್ಟಳು.

ಮಾವ ಕೈಕಾಲು ತೊಳೆದು ಬಂದು ಕೂತ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಮೂಡಿದವು. ಓದಲಾಗದ ಸಾಲುಗಳನ್ನು ತಾಯಿಯೆದುರು ದಿಟ್ಟಿಸಿ ನಿಲ್ಲಲು ಮನಸ್ಸಾಗದೆ ಓಂಕಾರ ಬೇಗ ಒತ್ತಿ ಮುಂದೆ ಕಳಿಸಿದ. ಚೌಕಟ್ಟಿನ ಮೇಲಂಚಿನ ಸೂಜಿಮೊನೆಯಷ್ಟು ಸಣ್ಣ ಎರಡು ಕಣ್ಣು ಹಸಿರಾಗಿ ಹೊತ್ತಿಕೊಂಡು ಚಿಕ್ಕಣ್ಣನನ್ನು ನೋಡತೊಡಗಿದವು.

ಆಟದಲ್ಲಿನ ಭೂಮಿ ನಿಜವಾದ ಭೂಮಿಯ ಪಡಿಯಚ್ಚು. ಮಾವ ತುಮಕೂರಿನಿಂದ ಎದ್ದು, ಎತ್ತರಕ್ಕೆ ಹೋಗದೆ, ತನ್ನ ಬಸ್ಸಿನ ದಾರಿಯ ಮೇಲೇ ಹಾರಿದ. ಕೊರಟಗೆರೆ ಬಂತು. ಮಧುಗಿರಿಯ ಬೆಟ್ಟ ಬಂತು. "ಸಾಕೂ, ನೋಡು ಬಾ ಇಲ್ಲಿ!" ಎಂದು ತಂಗಿಯನ್ನು ಕರೆದ. "ಕೆಳ್ಗಿಂದ ನೋಡ್ದಾಗ ಈ ಬೆಟ್ಟಕ್ಕೆ ತಲೇನೇ ಇಲ್ಲ ಅನ್ಕಂಡಿದ್ದೆ!" ಮಿಡಿಗೇಶಿ ದಾಟಿ ಹುಣಸೆಮರದ ತಿರುವು ಸಮೀಪಿಸಿದಾಗ ಅವನ ಹೆಬ್ಬೆರಳು ಮೇಲೆದ್ದು ಜಾಯ್‌ಸ್ಟಿಕ್ಕಿನ ತಲೆಯ ಗುಂಡಿಯನ್ನು ಒತ್ತಿತು. ಅದು ನೋಟ ಬದಲಿಸುವ ಗುಂಡಿ. ಪರದೆ ಒಮ್ಮೆ ಮಿಣುಕಿತು.

"ಹಾರನ್ ಕೇಳ್ಲೇ ಇಲ್ವಲ್ಲ?"

"ವಿಮಾನಕ್ಕೆ ಎಲ್ಲಿ ಹಾರನ್ ಮಾವ!"

"ಅಲ್ಲಿ ಇಸ್ಕೂಲೈತೆ ಕಣ್ಲಾ. ಮಕ್ಳು ದಾಟ್ತವೆ."

ಪಾವಗಡದಲ್ಲಿ ಇಳಿಯುವಾಗ ಗಾಳಿ ವಿಮಾನವನ್ನು ಪಕ್ಕಕ್ಕೆ ನೂಕಿತು. ಓಂಕಾರ "ಎಳಿ ಮಾವ, ಎಳಿ!" ಎಂದು ಕೂಗಿದ. ಮಾವ ಎಳೆಯಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕೈ ಸಡಿಲ ಬಿಟ್ಟು, ವಿಮಾನ ತಾನಾಗಿ ನೆಟ್ಟಗಾದ ಮೇಲೆ ಮೆಲ್ಲಗೆ ಇಳಿಸಿದ. "ರಸ್ತೆ ಜೊತೆ ಜಗಳ ಆಡಬಾರ್ದು ಕಣ್ಲಾ. ಅದು ನಮಗಿಂತ ಉದ್ದ ಐತೆ."

ಅವನು ಎದ್ದದ್ದು ಒಂದು ಗಂಟೆ ಹತ್ತು ನಿಮಿಷವಾದ ಮೇಲೆ. ಬಸ್ಸು ಬಿಟ್ಟ ಮೂರು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅಂದೇ.

ಇಪ್ಪತ್ತು ದಿನಕ್ಕೆ ಓಂಕಾರ ಪರೀಕ್ಷೆಯ ಹಾರಾಟ ಮುಗಿಸಿ ನಂಬರ್ ಪಡೆದ. ನಂಬರ್ ನೂರ ನಲವತ್ತೇಳು. ಬೆಂಗಳೂರಿನ ಹೊರವಲಯದ ನಿಯಂತ್ರಣ ಕೊಠಡಿಯಲ್ಲಿ ನಲವತ್ತು ಕುರ್ಚಿ ಪೈಲಟ್‌ಗಳ ಮೇಲೆ ನಿಗಾ ಇಡುತ್ತಿದ್ದ ನಾಗವೇಣಿ ಮೇಡಂ ಮೊದಲ ವಾರವೇ ಹೇಳಿದಳು: "ಓಂಕಾರ್, ನಿಮ್ಮ ವಯಸ್ಸಿನವರು ವಿಮಾನ ಇಳಿಸಲ್ಲ, ಬೀಳಿಸ್ತಾರೆ. ನೀವು ಬೆಣ್ಣೆ ಮೇಲೆ ಇಟ್ಟ ಹಾಗೆ ಇಡ್ತೀರಿ. ಎಲ್ಲಿ ಕಲಿತ್ರಿ?"

"ಎಲ್ಲೂ ಇಲ್ಲ ಮೇಡಂ. ಇದು ನನ್ ಕೈ," ಅಂದ ಓಂಕಾರ. ಆ ಮೂರು ಪದ ಹೇಳುವಾಗ ಎದೆ ಉಬ್ಬಿತು.

ಅವನಿಗೆ ಪರದೆಯ ಮೇಲೆ ಎರಡು ದೂರು ಮಾತ್ರ ಇದ್ದವು. ಅವನು ಜೋರಾಗಿ ನುಗ್ಗಬೇಕೆಂದಾಗ ಚಿತ್ರ ಯಾಕೋ ಅರೆಗಳಿಗೆ ಹಿಂದೆ ಹಿಡಿದಂತಾಗುತ್ತಿತ್ತು. ಅದಕ್ಕೆ ಹೊಂದಿಸಿಕೊಳ್ಳುತ್ತ ಕೈ ತಾನಾಗಿ ನಿಧಾನವಾಗುತ್ತಿತ್ತು. ಇನ್ನೊಂದು, ಪಾವಗಡಕ್ಕೆ ಹೋಗುವಾಗಲೆಲ್ಲ ಹುಣಸೆಮರದ ತಿರುವಿನ ಮೇಲೆ ಪರದೆ ಒಂದು ಸಲ ಮಿಣುಕುತ್ತಿತ್ತು. ದಿನವೂ ಅಲ್ಲೇ. "ಡಕೋಟ ಪೀಸು, ತಲೆಗ್ ಕಟ್ಟವ್ರೆ," ಎಂದು ಬೈದುಕೊಂಡು ಹಾರುತ್ತಿದ್ದ.

ಮಾವ ಟೀ ಅಂಗಡಿಯಲ್ಲಿ ಎದೆ ಸೆಟೆಸಿ ಕೂರುತ್ತಿದ್ದ. "ನಮ್ ಹುಡ್ಗ ಮೇಲಿನ ರೂಟು. ನಂದು ಕೆಳ್ಗಿಂದು." ಒಮ್ಮೆ ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದ: "ಇನ್ನೊಂದ್ ಸಲ ಪಾವಗಡಕ್ಕೆ ಹೋಗ್ ಬರ್ಲೇನ್ಲಾ? ಆಟದಲ್ಲೇ?"

"ಈಗ ಅದು ಆಟದ ಸಾಮಾನಲ್ಲ ಮಾವ. ಡ್ಯೂಟಿ ಸಾಮಾನು. ಸುಮ್ನೆ ಹೋಗ್ ಅತ್ಲಾಗೆ," ಅಂದ ಓಂಕಾರ, ತಿರುಗಿಯೂ ನೋಡದೆ.

"ಹೌದಲ್ವಾ," ಎಂದು ಮಾವ ಚಪ್ಪಲಿ ಮೆಟ್ಟಿಕೊಂಡು ಹೋದ.

ಐದನೇ ತಿಂಗಳಲ್ಲಿ, ಹಾಲು ತರಲು ಹೋದ ಮಾವ ಬೂತಿನ ಮುಂದಿನ ಕಟ್ಟೆಯ ಮೇಲೆ ಕೂತ. ಹಾಲಿನ ಹುಡುಗಿ ಚಿಲ್ಲರೆ ಕೊಡಲು ಕರೆದರೆ ಏಳಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು. ಎಡಗೈ ತೊಡೆಯ ಪಕ್ಕದಲ್ಲಿ ಗೇರ್ ಹಿಡಿದಂತೆ ಅರ್ಧ ಮುಚ್ಚಿತ್ತು. ಬೆರಳು ಬಿಡಿಸಲು ಸಾಕಮ್ಮ ಬಿಡಲಿಲ್ಲ. "ಹಂಗೇ ಇರ್ಲಿ," ಅಂದಳು.

ತಿಥಿಯೆಲ್ಲ ಮುಗಿದು ಓಂಕಾರ ಮತ್ತೆ ಕುರ್ಚಿಗೆ ಬಂದ ವಾರ ನಾಗವೇಣಿ ಮೇಡಂ ಕರೆ ಮಾಡಿದಳು. ಆರು ತಿಂಗಳ ತಪಾಸಣೆ. ದನಿಯಲ್ಲಿ ಏನೋ ಅನುಮಾನ.

"ಓಂಕಾರ್, ನಿಮ್ಮ ಪರದೆಯ ಅಂದಾಜು ಒಂದು ಗೆರೆ, ನಿಮ್ಮ ಕೈ ಇನ್ನೊಂದು ಗೆರೆ. ಎರಡೂ ಒಂದೇ ಆಗಿರಬೇಕು. ನಿಮ್ಮದು ಆಗಿಲ್ಲ. ನೀವು ನುಗ್ಗೋಕೆ ಹೋದಾಗೆಲ್ಲ ಪರದೆ ತಡೀತಾ ಇದೆ. ಅದರೊಳಗೆ ಬೇರೆ ಯಾರದೋ ಕೈ ಇದೆ. ಯಾರ ಕೈ ಅದು?"

ಓಂಕಾರನ ಬೆನ್ನು ನೆಟ್ಟಗಾಯಿತು. "ಏನಂದ್ರಿ?"

"ತಪ್ಪು ತಿಳ್ಕೋಬೇಡಿ. ನಿಮ್ಮ ಅಂಕ ಚೆನ್ನಾಗಿದೆ. ಹೀಗೇ ಬಿಟ್ರೂ ನಮ್ಮದೇನೂ ಅಭ್ಯಂತರ ಇಲ್ಲ. ಬೇಡ ಅಂದ್ರೆ ಆ ಕೈ ಅಳಿಸಿ ನಿಮ್ಮದನ್ನೇ ಹೊಸದಾಗಿ ಕೂರಿಸ್ಕೊಳ್ಳಬಹುದು. ನಿಮ್ಮ ಇಷ್ಟ."

"ಇಷ್ಟ್ ದಿನ ಇಳಿಸಿದ್ದೆಲ್ಲ ನಾನಲ್ಲ ಅಂತೀರಾ?"

"ನೀವೇ. ಆದರೆ ನೀವೊಬ್ಬರೇ ಅಲ್ಲ."

ಒಂಬತ್ತನೇ ಕ್ಲಾಸಿನ ನಗು ಮತ್ತೆ ಕಿವಿಗೆ ಅಪ್ಪಳಿಸಿತು. ಅಂಗಡಿಯವರು ಯಾರೋ ಬಳಸಿ ವಾಪಸ್ ಕೊಟ್ಟ ಸೆಕೆಂಡ್ ಹ್ಯಾಂಡ್ ಮಾಲನ್ನು ಹೊಸದೆಂದು ಕಟ್ಟಿದ್ದಾರೆ, ಓದು ಬಾರದವನೆಂದು ಮೋಸ ಮಾಡಿದ್ದಾರೆ. ಅವನ ತಲೆಗೆ ಬಂದದ್ದು ಇಷ್ಟೇ. ಮಾವ ಕೂತಿದ್ದ ಆ ಒಂದು ಗಂಟೆ ನೆನಪಿಗೆ ಬರಲಿಲ್ಲ. ಬಂದಿದ್ದರೂ, ಆಟಕ್ಕೆ ಕೂತ ಒಂದು ಗಂಟೆ ಆರು ತಿಂಗಳು ಉಳಿದೀತೆಂದು ಅವನಿಗೆ ಹೊಳೆಯುತ್ತಿರಲಿಲ್ಲ. ನಾಲ್ಕನೇ ಪುಟವನ್ನು ಅವನು ಯಾರ ಕೈಲೂ ಓದಿಸಿರಲಿಲ್ಲ.

"ಅಳಿಸ್ತೀನಿ. ಹೆಂಗೆ ಅಂತ ಹೇಳಿ."

"ಒಮ್ಮೆ ಯೋಚಿಸಿ. ಅಳಿಸಿದ್ದು ವಾಪಸ್ ಬರಲ್ಲ."

"ಹೇಳಿ ಮೇಡಂ!"

ಅವಳು ಹೇಳಿದಳು. ಮೂರು ಗುಂಡಿ. ಪರದೆ ಬೆಳ್ಳಗಾಗಿ, ಕರ್ರಗಾಗಿ, ಎರಡು ಹಸಿರು ಕಣ್ಣು ಹೊಸದಾಗಿ ತೆರೆದು ಓಂಕಾರನನ್ನು ನೋಡಿದವು. ಅವನು ಹಲ್ಲು ಕಚ್ಚಿಕೊಂಡೇ ಒಂದು ಗಂಟೆ ಹಾರಿದ. ಆ ಹಲ್ಲು ಕಚ್ಚಿದ ಕೈಯನ್ನೇ ಪರದೆ ಬುನಾದಿಯೆಂದು ಇಟ್ಟುಕೊಂಡಿತು.

ಎರಡು ದಿನ ಅವನಿಗೆ ಸ್ವರ್ಗ. ಪರದೆ ಎಲ್ಲೂ ಹಿಂದೆ ಹಿಡಿಯಲಿಲ್ಲ. ಅಂದುಕೊಂಡ ಗಳಿಗೆಯಲ್ಲೇ ಚಿತ್ರ ಅಂದುಕೊಂಡಲ್ಲಿ ಇರುತ್ತಿತ್ತು.

ಮೂರನೇ ದಿನ ಪಾವಗಡ. ಪೆಟ್ಟಿಗೆಯಲ್ಲಿ ಹಾವಿನ ಕಡಿತಕ್ಕೆ ಮದ್ದು. ಕೊಳಕುಮಂಡಲ ಕಚ್ಚಿದ ಒಬ್ಬ ಟೈಲರ್ ಆಸ್ಪತ್ರೆಯಲ್ಲಿ ಕಾಯುತ್ತಿದ್ದ. ಇಳಿಯಲು ಇನ್ನೂರು ಅಡಿ ಇರುವಾಗ ಅಡ್ಡಗಾಳಿ ಬಂತು. ವಿಮಾನ ಎಡಕ್ಕೆ ಜಾರಿತು. ಓಂಕಾರ ಬಲಕ್ಕೆ ಎಳೆದ. ಅವನು ಎಳೆಯುತ್ತಾನೆಂದು ಪರದೆಗೆ ಮೊದಲೇ ಗೊತ್ತಿತ್ತು. ಎಳೆದು ಸರಿಹೋದ ಚಿತ್ರವನ್ನು ಕೂಡಲೇ ತೋರಿಸಿತು. ನಿಜವಾದ ವಿಮಾನ ಇನ್ನೂ ಎಡದಲ್ಲೇ ಇತ್ತು. ಮರುಕ್ಷಣ ನಿಜವಾದ ಚಿತ್ರ ಬಂದು ಪರದೆ ಜಿಗಿಯಿತು. ಅವನು ಬೆಚ್ಚಿ ಇನ್ನೂ ಜೋರಾಗಿ ಎಳೆದ. ಅವನು ಬೆಚ್ಚುವುದನ್ನೂ ಪರದೆ ಆಗಲೇ ಕಲಿತಿತ್ತು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ.

"ಕೈ ಬಿಡಿ ಓಂಕಾರ್! ಒಂದು ಕ್ಷಣ ಕೈ ಬಿಡಿ!" ನಿಯಂತ್ರಣ ಕೊಠಡಿಯಿಂದ ನಾಗವೇಣಿ ಕೂಗಿದಳು.

ಬಿಡಲಾಗಲಿಲ್ಲ. ಅದು ಅವನ ಕೈಗೆ ಗೊತ್ತಿದ್ದ ವಿದ್ಯೆಯಲ್ಲ. ವಿಮಾನ ಸೌರ ಫಲಕಗಳ ಸಾಲಿನ ಮೇಲೆ ಮಗುಚಿಕೊಂಡಿತು. ಪರದೆ ಅರೆಗಳಿಗೆ ಮಾತ್ರ ವಿಮಾನ ಚೆನ್ನಾಗಿ ಇಳಿದದ್ದನ್ನು ತೋರಿಸಿ ಆಮೇಲೆ ಕಪ್ಪಾಯಿತು.

ಇನ್ನೊಂದು ವಿಮಾನ ಹೋಗಲು ಐವತ್ತು ನಿಮಿಷ ಬೇಕಾಯಿತು. ಮರುದಿನ ನಾಗವೇಣಿ ಕರೆ ಮಾಡಿ ಬೈಯದೆ ಹೇಳಿದಳು: "ಜೀವ ಉಳಿದಿದೆ. ಬಲಗೈಯ ಎರಡು ಬೆರಳು ತೆಗೀಬೇಕಾಯ್ತು. ನಿಮ್ಮ ನಂಬರ್ ಆರು ತಿಂಗಳು ಅಮಾನತ್ತಿನಲ್ಲಿರತ್ತೆ."

ಟೈಲರ್. ಬಲಗೈ. ಓಂಕಾರ ಫೋನ್ ಕೆಳಗಿಟ್ಟು ಬಹಳ ಹೊತ್ತು ತನ್ನ ಬೆರಳುಗಳನ್ನು ನೋಡುತ್ತ ಕೂತ. ಆಮೇಲೆ ಸಿಟ್ಟು ಬಂತು. ಸಿಟ್ಟು ಅವನಿಗೆ ಗೊತ್ತಿದ್ದ ದಾರಿ. ಮಾನಿಟರನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ ಗಾಜಿನ ಮೇಜಿನ ಮೇಲೆ ಕುಕ್ಕಿದ.

"ಸೆಕೆಂಡ್ ಹ್ಯಾಂಡ್ ಮಾಲು ಕಟ್ಟಿದ್ರಲ್ರೀ! ಯಾವನೋ ಕೂತು ಎದ್ದಿದ್ದನ್ನ! ಒಬ್ಬನ ಬೆರಳು ಹೋದ್ವು, ನನ್ ನಂಬರ್ ಹೋತು!"

ಗಿರಾಕಿಗಳು ತಿರುಗಿ ನೋಡಿದರು. ತೇಜಸ್ವಿನಿ ಮಾನಿಟರಿಗೆ ತಂತಿ ಸಿಕ್ಕಿಸಿದಳು. "ಕೈ ಅಳಿಸಿದ್ರೂ ತಾರೀಖು ಅಳಿಸಲ್ಲ. ಇರಿ." ಸ್ವಲ್ಪ ಹೊತ್ತು ಪರದೆ ನೋಡಿದಳು. ದನಿ ತಗ್ಗಿಸಿದಳು. "ಇದು ಹೊಸದೇ. ಮೊದಲ ಸಲ ಕೂತಿರೋದು ನೀವು ತಗೊಂಡು ಹೋದ ದಿನ. ಶನಿವಾರ ಸಂಜೆ ಐದು ನಲವತ್ತಕ್ಕೆ. ಒಂದು ಗಂಟೆ ಹತ್ತು ನಿಮಿಷ. ನಿಮ್ಮ ಮನೇಲೇ ಯಾರೋ."

ಓಂಕಾರ ಗಾಜಿನ ಮೇಜಿನ ಮೇಲಿಂದ ಕೈ ತೆಗೆದ.

"ನಾಲ್ಕನೇ ಪುಟದಲ್ಲಿ ಅದೇ ಇರೋದು," ಅಂದಳು ಅವಳು. "ಮೊದಲ ಗಂಟೆ ಓಡಿಸೋರೇ ಕೂತ್ಕೋಬೇಕು. ಯಾರು ಮೊದಲು ಕೂರ್ತಾರೋ ಅವರ ಕೈ ಇದಕ್ಕೆ ಬುನಾದಿ. ಆಮೇಲೆ ಬಂದವರದು ಅದರ ಮೇಲಿನ ಸುಣ್ಣ ಅಷ್ಟೆ." ಅವಳು ತಡೆದಳು. "ಅವತ್ತು ಜೊತೆಗೆ ಬಂದಿದ್ರಲ್ಲ, ಆ ಅಂಕಲ್ಲಾ?"

ಬೆಣ್ಣೆಯ ಮೇಲೆ ಇಟ್ಟ ಹಾಗೆ. ಹಿಂದೆ ಹಿಡಿದಂತಾಗುತ್ತಿದ್ದ ಆ ಅರೆಗಳಿಗೆ. ಹುಣಸೆಮರದ ಮೇಲೆ ದಿನವೂ ಮಿಣುಕುತ್ತಿದ್ದ ಪರದೆ. ಅದು ಕೆಟ್ಟಿರಲಿಲ್ಲ. ಕೆಳಗೆ ಮಕ್ಕಳು ದಾಟುತ್ತಾರೆಂದು ಯಾರೋ ಹಾರನ್ ಹೊಡೆಯುತ್ತಿದ್ದರು. ಮಾವ ಸತ್ತ ಮೇಲೂ ಒಂದು ವಾರ ಹೊಡೆದಿದ್ದರು.

"ಅದನ್ನ ವಾಪಸ್ ತರ್ಸಕ್ಕಾಗತ್ತಾ?" ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಅವರನ್ನೇ ಕರ್ಕೊಂಡ್ ಬಂದು ಒಂದು ಗಂಟೆ ಕೂರಿಸಿದ್ರೆ ಆಯ್ತು."

ಅವಳು ಅವನ ಮುಖ ನೋಡಿ ಅರ್ಥ ಮಾಡಿಕೊಂಡಳು. ತಂತಿಯನ್ನು ಬಿಚ್ಚಿ ಸುತ್ತಿಟ್ಟಳು. "ಬೇಕಾದ್ರೆ ಚಪ್ಪಟೆ ಪರದೆಗೆ ಬದಲಾಯಿಸ್ಕೊಡ್ತೀನಿ. ತಡವಾಗಿ ತೋರ್ಸತ್ತೆ, ಆದ್ರೆ ಏನನ್ನೂ ಕಲಿಯಲ್ಲ."

"ಬೇಡ," ಅಂದ. ಬಾಗಿಲವರೆಗೆ ಹೋಗಿ ತಿರುಗಿ ಬಂದ. ಅಂಗಿಯ ಜೇಬಿನಿಂದ ಮಡಿಸಿದ ಆ ಸಣ್ಣ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. "ಮೇಡಂ, ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಮಿಕ್ಕಿದ್ ಪುಟ ಓದಿ ಹೇಳಿ."

ಅವಳು ಸ್ಟೂಲು ಎಳೆದುಕೊಟ್ಟಳು. ಪೂರ್ತಿ ಓದಿ ಹೇಳಿದಳು.

ಮನೆಗೆ ಬಂದು ಅವನು ಮಾನಿಟರನ್ನು ಇದ್ದ ಜಾಗದಲ್ಲೇ ಇಟ್ಟ. ಸಾಕಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. "ಆರ್ ತಿಂಗ್ಳಿಂದ ಅಣ್ಣ ಇದ್ರಾಗೇ ಇದ್ನೇನ್ಲಾ?" ಎಂದು ಪರದೆಯ ಅಂಚನ್ನು ಸೆರಗಿನಿಂದ ಒರೆಸಿದಳು. "ಗೊತ್ತಿದ್ರೆ ನಾನೂ ಒಂದ್ ದಿನ ಬಂದು ಕೂತು ನೋಡ್ತಿದ್ದೆ."

ಓಂಕಾರ ಕುರ್ಚಿ ಎಳೆದು ಕೂತ. ಮೂರು ಗುಂಡಿ ಒತ್ತಿ ತನ್ನ ಹಲ್ಲು ಕಚ್ಚಿದ ಕೈಯನ್ನೂ ಅಳಿಸಿದ. ಹಸಿರು ಕಣ್ಣು ತೆರೆದವು. ಸಾಕಮ್ಮ ಮಣೆ ತಂದು ಅವನ ಹಿಂದೆ ಕೂತಳು. ಹಿಂದೆ ಅಣ್ಣನ ಬಸ್ಸಿನಲ್ಲಿ ತವರೂರಿಗೆ ಹೋಗುವಾಗೆಲ್ಲ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು, ಹಾಗೆ.

"ಹೇಳಮ್ಮ. ಮಾವ ಹೆಂಗ್ ಹೋಗ್ತಿದ್ದ?"

"ಕೊರಟಗೆರೆ ದಾಟಗಂಟ ಮಾತೇ ಆಡ್ತಿರ್ಲಿಲ್ಲ. ನಿಧಾನಕ್ಕೆ. ಇಷ್ಟ್ ಜೋರಾಗಲ್ಲ. ಇನ್ನೂ ನಿಧಾನ."

ಅವನು ಕೈ ಸಡಿಲ ಮಾಡಿದ. ಸಡಿಲ ಮಾಡುವುದು ಎಷ್ಟು ಕಷ್ಟವೆಂದು ಅವನಿಗೆ ಅಂದೇ ತಿಳಿದದ್ದು. ಕೊರಟಗೆರೆ ಹೋಯಿತು. ಮಧುಗಿರಿಯ ಬೆಟ್ಟ ತಲೆ ತೋರಿಸಿ ಹಿಂದೆ ಸರಿಯಿತು. ಮಿಡಿಗೇಶಿ. ಮುಂದೆ ಹುಣಸೆಮರದ ತಿರುವು. ಓಂಕಾರ ಪರದೆಯನ್ನೇ ನೋಡಿದ. ಮಿಣುಕಲಿ, ಒಂದೇ ಒಂದು ಸಲ.

ಪರದೆ ಎಲ್ಲೂ ಕದಲಲಿಲ್ಲ. ತೊಳೆದಿಟ್ಟ ಗಾಜಿನ ಹಾಗೆ ಸ್ವಚ್ಛವಾಗಿತ್ತು.

"ಇಲ್ಲಿ ಹಾರನ್ ಹೊಡೀತಿದ್ದ ಕಣ್ಲಾ ಅಣ್ಣ," ಅಂದಳು ಸಾಕಮ್ಮ.

ಅವನ ಹೆಬ್ಬೆರಳು ಮೇಲೆದ್ದು ಗುಂಡಿ ಒತ್ತುವಷ್ಟರಲ್ಲಿ ತಿರುವು ಹಿಂದಾಗಿತ್ತು.